ಲಾಕ್ ಅನುಭವವಾದಿ, ಡೆಕಾರ್ಟ್ ಬುದ್ಧಿವಾದಿ: ಮೂಲ ಓದಿದರೆ ಈ ಪಟ್ಟಿ ನಿಲ್ಲುತ್ತಿಲ್ಲವಲ್ಲ?

ಹೊಸಓದು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಠ್ಯಪುಸ್ತಕಗಳಲ್ಲೆಲ್ಲ ಒಂದೇ ಪಟ್ಟಿ. ಎಡಗಡೆ ಡೆಕಾರ್ಟ್, ಸ್ಪಿನೋಜಾ, ಲೈಬ್ನಿಟ್ಸ್, ಇವರು ಬುದ್ಧಿವಾದಿಗಳು, ಅಂದರೆ ಜ್ಞಾನಕ್ಕೆ ಬುದ್ಧಿಯೇ ಮೂಲ ಎಂದವರು. ಬಲಗಡೆ ಲಾಕ್, ಬರ್ಕ್ಲಿ, ಹ್ಯೂಮ್, ಇವರು ಅನುಭವವಾದಿಗಳು, ಅನುಭವವೇ ಮೂಲ ಎಂದವರು. ಕೊನೆಗೆ ಕಾಂಟ್, ಎರಡನ್ನೂ ಕೂಡಿಸಿದವನು. ಪರೀಕ್ಷೆಗೆ ಇಷ್ಟು ಸಾಕಾಗುತ್ತದೆ. ಮೂಲ ಕೃತಿ ತೆರೆದರೆ ಮಾತ್ರ ತೊಡಕು ಶುರು.

ಮೊದಲು ಲಾಕ್. ಅವನ ಮುಖ್ಯ ಕೃತಿ ‘ಎಸ್ಸೇ’ಯ ನಾಲ್ಕನೇ ಪುಸ್ತಕದ ಪ್ರಕಾರ ಜ್ಞಾನ ಎಂದರೆ ನಮ್ಮ ಐಡಿಯಾಗಳು ಒಂದಕ್ಕೊಂದು ಹೊಂದುತ್ತವೆಯೋ ಇಲ್ಲವೋ ಎಂಬುದನ್ನು ಮನಸ್ಸು ಕಾಣುವುದು. ದೇವರ ಇರವನ್ನು ಸಾಧಿಸಿ ತೋರಿಸಬಹುದು ಎನ್ನುತ್ತಾನೆ, ನೀತಿಯನ್ನು ಗಣಿತದ ಹಾಗೆ ಸಾಧಿಸಬಹುದು ಎನ್ನುತ್ತಾನೆ. ಆದರೆ ಪ್ರಕೃತಿಯ ಅಧ್ಯಯನ ಎಂದಾದರೂ ಖಚಿತ ವಿಜ್ಞಾನವಾದೀತೇ ಎಂದು ಅದೇ ಪುಸ್ತಕದಲ್ಲಿ ಅನುಮಾನಪಡುತ್ತಾನೆ. ಅನುಭವವಾದಿ ಹೇಳಬೇಕಾದದ್ದು ಇದರ ತಿರುಗುಮುರುಗು ಅಲ್ಲವೇ?

ಎರಡನೆಯದು ಬರ್ಕ್ಲಿ. ಜಡವಸ್ತು ಎಂಬುದೇ ಇಲ್ಲ, ಇರುವುದು ಚೇತನಗಳು ಮತ್ತು ಅವುಗಳ ಐಡಿಯಾಗಳು ಅಷ್ಟೇ ಎನ್ನುವವನು ಲಾಕ್‌ಗಿಂತ ಲೈಬ್ನಿಟ್ಸ್‌ಗೆ ಹತ್ತಿರ ಕಾಣುತ್ತಾನೆ. ಮೂರನೆಯದು ಹ್ಯೂಮ್. ಕಾರ್ಯಕಾರಣವನ್ನೇ ಅಲ್ಲಗಳೆದವನು, ಸ್ವಭಾವವೇ ನಡತೆಗೆ ಕಾರಣ ಎಂದು ಹೇಳಿ ಅದರ ಮೇಲೆ ನೀತಿಯನ್ನು ಕಟ್ಟುವುದು ಹೇಗೆ? ಇನ್ನು ಕಾಂಟ್ ‘ಕೂಡಿಸಿದ’ ಅಂದರೆ ನಿಖರವಾಗಿ ಏನನ್ನು ಯಾವುದಕ್ಕೆ ಕೂಡಿಸಿದ?

ಡೆಕಾರ್ಟ್‌ನ ಮೆಡಿಟೇಷನ್ಸ್‌ನ ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ಯಿಂದ ಶುರುಮಾಡಿ ಕಾಂಟ್‌ವರೆಗೆ ಜ್ಞಾನ, ವಾಸ್ತವ, ನೀತಿ ಮೂರನ್ನೂ ಒಟ್ಟಿಗೆ ಹಿಡಿದು ಓದುವ ದಾರಿ ಬೇಕು. ಮೂಲ ಓದಿರುವವರು ದಯವಿಟ್ಟು ಹೇಳಿ.

ಹಳೆಪುಟ

ಪಟ್ಟಿ ನಿಲ್ಲುವುದಿಲ್ಲ ಎಂದು ನೀವು ಕಂಡದ್ದು ಸರಿ. ಆ ಕಾಲದವರು ಯಾರೂ ತಮ್ಮನ್ನು ಹೀಗೆ ಎರಡು ಪಂಗಡವಾಗಿ ಬರೆದುಕೊಂಡಿರಲಿಲ್ಲ. ಅದು ಆಮೇಲಿನ ಇತಿಹಾಸಕಾರರ ಅನುಕೂಲಕ್ಕೆ ಬಂದದ್ದು. ಕನ್ನಡದಲ್ಲಿ ಹೆಸರುಗಳೂ ಕಾಲಿಗೆ ತೊಡರುತ್ತವೆ. ‘ಬುದ್ಧಿವಾದ’ ಅಂದರೆ ಮೊದಲು ಕೇಳಿಸುವುದು ಹಿರಿಯರು ಹೇಳುವ ಬುದ್ಧಿಮಾತು. ‘ವಿಚಾರವಾದ’ ಅಂದರೆ ಮೂಢನಂಬಿಕೆಯ ವಿರೋಧ ಎಂದು ಅರ್ಥವಾಗುತ್ತದೆ, ಆದರೆ ಡೆಕಾರ್ಟ್‌ನ ಇಡೀ ಕಟ್ಟಡ ನಿಂತಿರುವುದೇ ದೇವರ ಮೇಲೆ. ‘ಐಡಿಯಾ’ವನ್ನು ‘ಭಾವನೆ’ ಎಂದು ಅನುವಾದಿಸಿದರಂತೂ ಲಾಕ್ ಮನೋವಿಕಾರಗಳ ಬಗ್ಗೆ ಮಾತಾಡುತ್ತಿದ್ದಾನೆ ಅನ್ನಿಸಿಬಿಡುತ್ತದೆ. ಮನಸ್ಸಿನ ಎದುರಿಗೆ ನೇರವಾಗಿ ಇರುವುದೆಲ್ಲವೂ ಐಡಿಯಾ: ಕೆಂಪು, ತ್ರಿಕೋನ, ನೋವು, ದೇವರು ಎಲ್ಲವೂ. ಆ ಪದವನ್ನು ಹಾಗೇ ಬಿಡುವುದು ಕ್ಷೇಮ.

ಪಟ್ಟಿಯ ಬದಲಿಗೆ ಪ್ರತಿಯೊಬ್ಬನಿಗೂ ಎರಡು ಪ್ರಶ್ನೆ ಹಾಕಿ, ಉತ್ತರಗಳನ್ನು ಬೇರೆಬೇರೆ ಬರೆದುಕೊಳ್ಳಿ. ಐಡಿಯಾಗಳು ಎಲ್ಲಿಂದ ಬಂದವು? ಯಾವುದನ್ನು ಜ್ಞಾನ ಎನ್ನಬಹುದು, ಅದು ಎಲ್ಲಿಯವರೆಗೆ ಹೋಗುತ್ತದೆ? ಲಾಕ್‌ನ ಮೊದಲ ಉತ್ತರ ಅಪ್ಪಟ ಅನುಭವವಾದ. ಹೊರಗಿನ ಇಂದ್ರಿಯಗಳು, ಒಳಗೆ ಮನಸ್ಸು ತನ್ನ ಕೆಲಸವನ್ನೇ ಗಮನಿಸುವ ಅಂತರವಲೋಕನ, ಇವೆರಡೇ ಬಾಗಿಲು. ಎರಡನೇ ಉತ್ತರ ಮಾತ್ರ ಡೆಕಾರ್ಟ್‌ನ ಪಕ್ಕದ ಮನೆ. ಕಂಡ ಕೂಡಲೇ ಖಚಿತವಾಗುವ ಅರಿವು ಎಲ್ಲಕ್ಕಿಂತ ಮೇಲು, ಅದರ ಕೆಳಗೆ ಹಂತಹಂತವಾಗಿ ಸಾಧಿಸಿದ್ದು, ಎಲ್ಲಕ್ಕಿಂತ ಕೆಳಗೆ ಎದುರಿಗಿರುವ ವಸ್ತು ಇದೆ ಎಂಬ ಇಂದ್ರಿಯದ ಅರಿವು.

ಇಲ್ಲಿಂದ ಚಿನ್ನದ ಉದಾಹರಣೆಗೆ ಬನ್ನಿ, ನಿಮ್ಮ ಗಂಟು ಬಿಚ್ಚುತ್ತದೆ. ಹಳದಿ, ಭಾರ, ಬಡಿದರೆ ತೆಳುವಾಗುತ್ತದೆ, ರಾಜಾಮ್ಲದಲ್ಲಿ ಕರಗುತ್ತದೆ: ಈ ಗುಣಗಳ ಗೊಂಚಲಿಗೆ ನಾವು ‘ಚಿನ್ನ’ ಎಂದು ಹೆಸರಿಟ್ಟಿದ್ದೇವೆ. ಅದು ನಾಮಸಾರ. ಈ ಗುಣಗಳು ಹೊಮ್ಮುವುದಕ್ಕೆ ಕಾರಣವಾದ ಸೂಕ್ಷ್ಮ ಕಣಗಳ ರಚನೆ ನಿಜಸಾರ, ಅದು ನಮಗೆ ಕಾಣದು. ಹಳದಿಗೂ ಕರಗುವಿಕೆಗೂ ಯಾಕೆ ನಂಟು ಎಂಬುದು ಐಡಿಯಾಗಳನ್ನು ಎಷ್ಟು ದಿಟ್ಟಿಸಿದರೂ ತೋರುವುದಿಲ್ಲ, ಪ್ರಯೋಗ ಮಾಡಿಯೇ ನೋಡಬೇಕು. ಅದಕ್ಕೇ ಪ್ರಕೃತಿಯ ಬಗ್ಗೆ ಸಿಗುವುದು ಸಂಭಾವ್ಯ ನಂಬಿಕೆ, ಖಚಿತ ಜ್ಞಾನವಲ್ಲ. ತ್ರಿಕೋನವನ್ನೂ ‘ಅನ್ಯಾಯ’ವನ್ನೂ ಕಟ್ಟಿದವರು ನಾವೇ, ಅಲ್ಲಿ ನಾಮಸಾರವೇ ನಿಜಸಾರ. ಆಸ್ತಿಯೇ ಇಲ್ಲದ ಕಡೆ ಅನ್ಯಾಯವೂ ಇರದು ಎಂಬುದು ಯೂಕ್ಲಿಡ್‌ನ ಯಾವ ಪ್ರಮೇಯಕ್ಕೂ ಕಡಿಮೆಯಿಲ್ಲದಷ್ಟು ಖಚಿತ ಎಂದು ಲಾಕ್ ಬರೆದದ್ದು ಈ ಲೆಕ್ಕದಲ್ಲೇ. ಅವನ ನೀತಿಯ ಮಾತು ಹುಟ್ಟಿದ್ದೇ ಜ್ಞಾನದ ಸಿದ್ಧಾಂತದಿಂದ. ಕೊರತೆ ಇರುವುದು ಬೇರೆ ಕಡೆ: ಆ ಸಾಧನೆಯನ್ನು ಅವನು ಬರೆದು ಮುಗಿಸಲೇ ಇಲ್ಲ. ಗೆಳೆಯ ಮೊಲಿನೂ ಒತ್ತಾಯಿಸಿದಾಗ, ಬೈಬಲಿನ ಸುವಾರ್ತೆಯಲ್ಲೇ ಪೂರ್ಣವಾದ ನೀತಿ ಇರುವಾಗ ತರ್ಕಕ್ಕೆ ಆ ಹೊಣೆಯಿಂದ ವಿನಾಯಿತಿ ಕೊಡಬಹುದು ಎಂದು ಜಾರಿಕೊಂಡ. ‘ಆಸ್ತಿ ಇಲ್ಲದೆ ಅನ್ಯಾಯವಿಲ್ಲ’ ಎಂಬುದು ಖಚಿತ, ನಿಜ. ಆದರೆ ಅನ್ಯಾಯವನ್ನು ಏಕೆ ಮಾಡಬಾರದು ಎಂಬುದನ್ನು ಅದು ಹೇಳುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಹ್ಯೂಮ್ ಬಂದಾಗ ಬೇಕಾಗುತ್ತದೆ.

ಜನ್ಮಜಾತ ಐಡಿಯಾಗಳ ಜಗಳವೂ ಪಟ್ಟಿಯಲ್ಲಿ ತೋರುವಷ್ಟು ನೇರವಲ್ಲ. ಹೊಟ್ಟೆಯಲ್ಲಿರುವ ಮಗು ರೇಖಾಗಣಿತ ಧ್ಯಾನಿಸುತ್ತದೆ ಎಂದು ಡೆಕಾರ್ಟ್ ಹೇಳಿಲ್ಲ. ಕೆಲವು ಮನೆತನಗಳಲ್ಲಿ ಸಂಧಿವಾತ ಹುಟ್ಟಿನಿಂದ ಇದೆ ಅನ್ನುತ್ತೇವಲ್ಲ, ಆ ಅರ್ಥದಲ್ಲಿ, ಅಂದರೆ ಒಲವಾಗಿ, ಎಂದು ಅವನೇ ಬಿಡಿಸಿ ಹೇಳಿದ್ದಾನೆ. ಬರೀ ಒಲವು ಎಂದರೆ ಆಗ ಎಲ್ಲ ಐಡಿಯಾಗಳೂ ಜನ್ಮಜಾತವೇ ಆಗಿಬಿಡುತ್ತವಲ್ಲ ಎಂಬುದು ಲಾಕ್‌ನ ಪೆಟ್ಟು. ಅದಕ್ಕೆ ಲೈಬ್ನಿಟ್ಸ್‌ನ ಉತ್ತರ ಅಮೃತಶಿಲೆಯ ಹೋಲಿಕೆ: ಒಳಗಿನ ಗೆರೆಗಳು ಹರ್ಕ್ಯುಲಿಸ್‌ನ ಆಕಾರವನ್ನೇ ಹಿಡಿದಿದ್ದರೆ, ಕೆತ್ತುವ ಶ್ರಮ ಬೇಕಾದರೂ ಆ ರೂಪ ಕಲ್ಲಿನಲ್ಲಿ ಮೊದಲೇ ಇತ್ತು ಎನ್ನಬಹುದು. ಅವನ ‘ನ್ಯೂ ಎಸ್ಸೇಸ್’ ಸಿದ್ಧವಾಗುವ ಹೊತ್ತಿಗೆ, 1704ರಲ್ಲಿ, ಲಾಕ್ ತೀರಿಹೋದ. ಉತ್ತರ ಕೊಡಲಾರದವನ ಮೇಲೆ ಖಂಡನೆ ಪ್ರಕಟಿಸಲು ಲೈಬ್ನಿಟ್ಸ್‌ಗೆ ಮನಸ್ಸಾಗಲಿಲ್ಲ. ಪುಸ್ತಕ ಹೊರಬಂದದ್ದು 1765ರಲ್ಲಿ.

ತಿಳಿಗೊಳ

ಮೊದಲು ಪ್ರಶ್ನೆಯಲ್ಲಿರುವ ಒಂದು ತಪ್ಪು ತಿದ್ದುತ್ತೇನೆ. ‘ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಎಂಬ ಸಾಲು 1641ರ ಮೆಡಿಟೇಷನ್ಸ್‌ನಲ್ಲಿ ಇಲ್ಲ. ಅದು ಇರುವುದು 1637ರ ‘ಡಿಸ್ಕೋರ್ಸ್’ನಲ್ಲಿ ಮತ್ತು 1644ರ ‘ಪ್ರಿನ್ಸಿಪಲ್ಸ್’ನಲ್ಲಿ. ಮೆಡಿಟೇಷನ್ಸ್‌ನ ಎರಡನೇ ಧ್ಯಾನದಲ್ಲಿ (ಅದರ ಭಾಗಗಳಿಗೆ ಧ್ಯಾನ ಎಂದೇ ಹೆಸರು) ಡೆಕಾರ್ಟ್ ಹೇಳುವುದು ‘ನಾನಿದ್ದೇನೆ’ ಎಂಬ ಮಾತು ನಾನದನ್ನು ಆಡಿದಾಗಲೆಲ್ಲ, ಮನಸ್ಸಿಗೆ ತಂದುಕೊಂಡಾಗಲೆಲ್ಲ, ನಿಜವಾಗಲೇಬೇಕು ಎಂದು. ಸಣ್ಣ ವಿಷಯವಲ್ಲ ಇದು. ‘ಆದ್ದರಿಂದ’ ಬಂದರೆ ‘ಯೋಚಿಸುವುದೆಲ್ಲ ಇರುತ್ತದೆ’ ಎಂಬ ಆಧಾರವಾಕ್ಯ ಮೊದಲು ಬೇಕಲ್ಲವೇ, ಅದನ್ನು ಯಾಕೆ ಸಂದೇಹಿಸಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಇದು ಬೇರೊಂದು ವಾಕ್ಯದಿಂದ ಎಳೆದ ತೀರ್ಮಾನವಲ್ಲ, ಮನಸ್ಸಿನ ಒಂದೇ ನೋಟಕ್ಕೆ ಸಿಗುವ ಅರಿವು ಎಂದು ಆಕ್ಷೇಪಗಳಿಗೆ ಕೊಟ್ಟ ಉತ್ತರದಲ್ಲಿ ಅವನೇ ಹೇಳಿದ್ದಾನೆ.

ವಾಸ್ತವದ ಬಗ್ಗೆ. ಇಲ್ಲಿ ಬೀಗದ ಕೈ ‘ಪ್ರಿನ್ಸಿಪಲ್ಸ್’ ಮೊದಲ ಭಾಗದ 51ನೇ ಕಂಡಿಕೆ. ತಾನು ಇರುವುದಕ್ಕೆ ಬೇರೊಂದರ ಹಂಗಿಲ್ಲದ್ದು ದ್ರವ್ಯ. (ದುಡ್ಡು, ಸಾಮಗ್ರಿ ಎಂಬ ಬಳಕೆಯ ಅರ್ಥ ಬದಿಗಿಡಿ.) ಹಾಗಾದರೆ ಕಟ್ಟುನಿಟ್ಟಾಗಿ ನೋಡಿದರೆ ದೇವರೊಬ್ಬನೇ ದ್ರವ್ಯ ಎಂದು ಡೆಕಾರ್ಟ್ ಅಲ್ಲೇ ಒಪ್ಪಿಕೊಂಡು, ದೇವರ ಆಸರೆ ಒಂದನ್ನು ಬಿಟ್ಟು ಬೇರಾವುದೂ ಬೇಡದ ಮನಸ್ಸು ಮತ್ತು ದೇಹಗಳನ್ನೂ ಸಡಿಲ ಅರ್ಥದಲ್ಲಿ ದ್ರವ್ಯ ಎನ್ನುತ್ತಾನೆ. ಆ ಸಡಿಲಿಕೆಯನ್ನು ಸ್ಪಿನೋಜಾ ಒಪ್ಪಲಿಲ್ಲ. ಅವನ ಎಥಿಕ್ಸ್‌ನ ಮೊದಲ ಭಾಗದ 14ನೇ ಪ್ರತಿಜ್ಞೆ (ಸಾಧಿಸಿ ತೋರಿಸುವ ಹೇಳಿಕೆ) ಹೇಳುವುದು ಅದನ್ನೇ: ದೇವರ ಹೊರತು ಬೇರೆ ದ್ರವ್ಯವಿಲ್ಲ, ಇರಲಾರದು. ಹೊರನೋಟಕ್ಕೆ ಹುಚ್ಚು ಸಾಹಸವಾಗಿ ಕಾಣುವ ಮಾತು, ಡೆಕಾರ್ಟ್‌ನದೇ ವ್ಯಾಖ್ಯೆಯನ್ನು ಕೊನೆಯವರೆಗೂ ನಡೆಸಿದ್ದರ ಫಲ.

ಇದಕ್ಕೆ ಜೊತೆಯಾಗಿ ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ 1643ರ ಮೇ ತಿಂಗಳಲ್ಲಿ ಡೆಕಾರ್ಟ್‌ಗೆ ಬರೆದ ಪತ್ರವನ್ನು ಓದಲೇಬೇಕು. ಒಂದು ವಸ್ತು ಇನ್ನೊಂದನ್ನು ಚಲಿಸುವಂತೆ ಮಾಡುವುದು ತಳ್ಳುವುದರಿಂದ; ತಳ್ಳಲು ತಾಗಬೇಕು; ತಾಗಲು ವಿಸ್ತಾರ, ಅಂದರೆ ಜಾಗ ತುಂಬುವ ಗುಣ, ಇರಬೇಕು. ಆತ್ಮಕ್ಕೆ ವಿಸ್ತಾರವೇ ಇಲ್ಲ ಎನ್ನುತ್ತೀರಿ, ಹಾಗಿದ್ದರೆ ಅದು ದೇಹವನ್ನು ಅಲುಗಿಸುವುದು ಹೇಗೆ? ಭಾರ ಎಂಬ ಗುಣ ಕಲ್ಲನ್ನು ತಾಗದೆಯೇ ಕೆಳಗಿಳಿಸುತ್ತದೆ ಎಂದು ನಾವು ಕಲ್ಪಿಸಿಕೊಳ್ಳುವ ಹಾಗೆ ಎಂದು ಅವನು ಉತ್ತರಿಸಿದ. ಭಾರವನ್ನು ಹಾಗೆ ಕಲ್ಪಿಸುವುದೇ ತಪ್ಪು ಎಂದು ಅವನದೇ ಭೌತಶಾಸ್ತ್ರ ಹೇಳುತ್ತಿತ್ತು! ಜೂನ್‌ನ ಪತ್ರದಲ್ಲಿ ಅವಳು ಇನ್ನೂ ಗಟ್ಟಿಯಾಗಿ ಹೇಳುತ್ತಾಳೆ: ಜಡವಲ್ಲದ್ದು ದೇಹವನ್ನು ಚಲಿಸುತ್ತದೆ ಎಂದು ಒಪ್ಪುವುದಕ್ಕಿಂತ ಆತ್ಮಕ್ಕೇ ವಿಸ್ತಾರ ಇದೆ ಎಂದು ಒಪ್ಪುವುದು ಸುಲಭ. ಆ ಶತಮಾನದಲ್ಲಿ ಡೆಕಾರ್ಟ್‌ಗೆ ಬಿದ್ದ ಅತ್ಯಂತ ನಿಖರವಾದ ಏಟು ಇದು ಎಂದು ನನ್ನ ಅಭಿಪ್ರಾಯ.

ಲೈಬ್ನಿಟ್ಸ್ ಬಂದದ್ದು ಭೌತಶಾಸ್ತ್ರದ ದಾರಿಯಿಂದ. ಅವನು ಹೇಳುವ ತುಂಡಾಗದ ಏಕಕ, ಅಂದರೆ ಮೊನಾಡ್, ಏನೋ ಕನಸು ಎಂದು ತಳ್ಳಿಹಾಕುವವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು. ಜಗತ್ತಿನಲ್ಲಿ ಬದಲಾಗದೆ ಉಳಿಯುವ ಮೊತ್ತ ಗಾತ್ರ ಗುಣಿಸು ವೇಗ ಎಂದು ಡೆಕಾರ್ಟ್ ಹೇಳಿದ್ದ. ಲೈಬ್ನಿಟ್ಸ್ 1686ರಲ್ಲಿ ಹೀಗೆ ಕೇಳಿದ: 1 ಪೌಂಡಿನ ವಸ್ತುವನ್ನು 4 ಅಳತೆ ಎತ್ತಲು ಬೇಕಾಗುವ ಬಲವೂ 4 ಪೌಂಡಿನದ್ದನ್ನು 1 ಅಳತೆ ಎತ್ತಲು ಬೇಕಾಗುವ ಬಲವೂ ಸಮ, ಇದನ್ನು ಡೆಕಾರ್ಟ್‌ನ ಕಡೆಯವರೂ ಒಪ್ಪುತ್ತಾರೆ. ಅಷ್ಟೇ ಎತ್ತರದಿಂದ ಬಿಡಿ. ಗೆಲಿಲಿಯೋ ತೋರಿಸಿದಂತೆ ಬಿದ್ದ ವಸ್ತುವಿನ ವೇಗ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ, ಆದ್ದರಿಂದ ಮೊದಲನೆಯದರ ವೇಗ 2 ಆದರೆ ಎರಡನೆಯದರದು 1. ಗಾತ್ರ ಗುಣಿಸು ವೇಗ: ಮೊದಲನೆಯದು 2, ಎರಡನೆಯದು 4. ಸಮ ಬರಲಿಲ್ಲ. ಗಾತ್ರ ಗುಣಿಸು ವೇಗದ ವರ್ಗ: ಮೊದಲನೆಯದು 1 ಗುಣಿಸು 4, ಎರಡನೆಯದು 4 ಗುಣಿಸು 1. ಸಮ ಬಂತು. ಅಂದರೆ ದೇಹದಲ್ಲಿ ಬರೀ ವಿಸ್ತಾರ ಮತ್ತು ಚಲನೆ ಇದ್ದರೆ ಸಾಲದು, ಬಲ ಎಂಬುದೊಂದು ಇದೆ. ವಿಸ್ತಾರವೇ ದೇಹದ ಸಾರ ಎಂಬ ಮಾತು ಇಲ್ಲಿ ಕುಸಿಯಿತು. ಬಲಕ್ಕೆ ನೆಲೆಯಾಗಬಲ್ಲ, ತುಂಡಾಗದ ಒಂದೊಂದು ಏಕಕವನ್ನು ಹುಡುಕುತ್ತಾ ಹೋದವನಿಗೆ 1714ರ ಹೊತ್ತಿಗೆ ಸಿಕ್ಕ ಹೆಸರು ಮೊನಾಡ್.

ಇದರ ಇನ್ನೊಂದು ಫಲವೂ ಇದೆ. ಆತ್ಮ ಚಲನೆಯ ಮೊತ್ತವನ್ನು ಬದಲಿಸದೆ ದಿಕ್ಕನ್ನು ಮಾತ್ರ ತಿರುಗಿಸುತ್ತದೆ ಎಂದು ಡೆಕಾರ್ಟ್ ನಂಬಿದ್ದ ಎಂದು ಲೈಬ್ನಿಟ್ಸ್ ‘ಮೊನಡಾಲಜಿ’ಯ 80ನೇ ಕಂಡಿಕೆಯಲ್ಲಿ ಹೇಳುತ್ತಾನೆ. ದಿಕ್ಕಿನ ಸಮೇತ ಲೆಕ್ಕ ಹಾಕಿದರೂ ಒಟ್ಟು ಮೊತ್ತ ಬದಲಾಗದು ಎಂದು ಗೊತ್ತಾದ ಮೇಲೆ ಆ ಕಿಂಡಿಯೂ ಮುಚ್ಚಿತು. ಉಳಿದದ್ದು ಎರಡು ಗಡಿಯಾರಗಳ ಹಾಗೆ ಮನಸ್ಸು ಮತ್ತು ದೇಹ ಒಂದನ್ನೊಂದು ಮುಟ್ಟದೆ ಹೊಂದಿಕೊಂಡು ನಡೆಯುವ, ಮೊದಲೇ ಏರ್ಪಟ್ಟ ಸಾಮರಸ್ಯ.

ಬರ್ಕ್ಲಿ ಲೈಬ್ನಿಟ್ಸ್‌ಗೆ ಹತ್ತಿರ ಎಂಬ ನಿಮ್ಮ ಮಾತು ಅರ್ಧ ಸರಿ. ಫಲಿತಾಂಶ ಹತ್ತಿರ, ದಾರಿ ಪೂರ್ತಿ ಲಾಕ್‌ನದು. ಗುಣಗಳ ಹಿಂದೆ ಅವನ್ನು ಹೊರುವ ‘ನನಗೆ ಗೊತ್ತಿಲ್ಲದ ಏನೋ ಒಂದು’ ಇದೆ ಎಂದು ಲಾಕ್ ಬಿಟ್ಟಿದ್ದ. ಐಡಿಯಾ ಸಿಗದ ಪದಕ್ಕೆ ಅರ್ಥವಿಲ್ಲ ಎಂಬುದು ನಿಮ್ಮದೇ ನಿಯಮವಾದರೆ ಆ ‘ಏನೋ ಒಂದು’ ಯಾಕೆ ಬೇಕು ಎಂದು ಬರ್ಕ್ಲಿ 1710ರಲ್ಲಿ ಕೇಳಿದ. ಕಲ್ಲಿಗೆ ಒದ್ದು ತೋರಿಸಿದರೆ ಅವನಿಗೆ ಉತ್ತರವಾಗದು, ಕಾಲಿಗೆ ತಾಗಿದ ಗಟ್ಟಿತನವೂ ಅನುಭವಕ್ಕೆ ಬಂದ ಗುಣವೇ. ಹಿಡಿಯಬೇಕಾದ ಜಾಗ ಬೇರೆ. ಚೇತನದ ಐಡಿಯಾ ಕೂಡ ನಮಗಿಲ್ಲ ಎಂದು ಅವನೇ ಒಪ್ಪುತ್ತಾನೆ. ಆ ತೂತು ಮುಚ್ಚಲು 1734ರ ಆವೃತ್ತಿಯಲ್ಲಿ ‘ನೋಶನ್’ ಎಂಬ ಬೇರೆ ಪದವನ್ನು ತಂದ. ಜಡವನ್ನು ತೆಗೆದ ಅಸ್ತ್ರವೇ ಚೇತನವನ್ನೂ ತೆಗೆಯುತ್ತದೆ ಎಂದು ಹ್ಯೂಮ್‌ಗೆ ಕಂಡದ್ದು ಇಲ್ಲೇ.

ದೀಪದಕಂಬ

ಹ್ಯೂಮ್ ಕಾರ್ಯಕಾರಣವನ್ನು ಅಲ್ಲಗಳೆದ ಎಂಬುದು ಬಹಳ ಬೇರೂರಿದ ತಪ್ಪು. ‘ಟ್ರೀಟೈಸ್’ನ ಮೊದಲ ಪುಸ್ತಕದಲ್ಲೇ ಕಾರ್ಯಕಾರಣವನ್ನು ತೀರ್ಮಾನಿಸಲು ಎಂಟು ನಿಯಮ ಕೊಟ್ಟಿದ್ದಾನೆ. ಇಲ್ಲ ಎನ್ನುವವನು ನಿಯಮ ಕೊಡುತ್ತಾನೆಯೇ?

ಅವನ ವಾದವನ್ನು 1748ರ ‘ಎನ್‌ಕ್ವೈರಿ’ಯ ನಾಲ್ಕನೇ ವಿಭಾಗದಲ್ಲಿ ಹಂತಹಂತವಾಗಿ ನೋಡಿ. ‘ಇಂಥದ್ದರ ಜೊತೆ ಯಾವಾಗಲೂ ಇಂಥ ಪರಿಣಾಮ ಬಂದಿದೆ’ ಎಂಬುದು ಒಂದು ವಾಕ್ಯ. ‘ಇದೇ ರೀತಿಯ ಬೇರೆ ವಸ್ತುವಿನ ಜೊತೆಗೂ ಅದೇ ಪರಿಣಾಮ ಬರಲಿದೆ’ ಎಂಬುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ಹೋಗಲು ನಡುವೆ ಸೇತುವೆ ಬೇಕು. ಆ ಸೇತುವೆ ತಾರ್ಕಿಕ ಸಾಧನೆಯಾಗಿದ್ದರೆ ಅದರ ವಿರುದ್ಧವನ್ನು ಊಹಿಸಲೂ ಆಗಬಾರದು. ಆದರೆ ಪ್ರಕೃತಿಯ ನಡೆ ನಾಳೆ ಬದಲಾದೀತು ಎಂದು ಊಹಿಸಬಹುದು, ಅದರಲ್ಲಿ ವಿರೋಧಾಭಾಸವಿಲ್ಲ. ಸೇತುವೆ ಅನುಭವದಿಂದ ಬಂದದ್ದಾದರೆ, ಹಿಂದಿನಂತೆಯೇ ಮುಂದೂ ನಡೆಯುತ್ತದೆ ಎಂದು ಅದು ಮೊದಲೇ ನಂಬಿರುತ್ತದೆ; ಸಾಧಿಸಬೇಕಾದದ್ದನ್ನೇ ಆಧಾರ ಮಾಡಿಕೊಂಡಂತಾಯಿತು. ಬೇರೆ ಬಗೆಯ ತರ್ಕ ಇಲ್ಲ. ಆದ್ದರಿಂದ ದಾಟಿಸುವುದು ತರ್ಕವಲ್ಲ, ರೂಢಿ. ಆದಾಮನ ಬುದ್ಧಿ ಎಷ್ಟೇ ಪರಿಪೂರ್ಣವಾಗಿದ್ದರೂ ನೀರಿನ ತಿಳಿತನ ಮತ್ತು ಹರಿಯುವಿಕೆ ನೋಡಿ ಅದು ಉಸಿರುಕಟ್ಟಿಸುತ್ತದೆ ಎಂದು ಹೇಳಲಾಗುತ್ತಿರಲಿಲ್ಲ ಎಂಬ ಅವನ ಉದಾಹರಣೆ ಇದಕ್ಕೇ.

ಎಡವುವ ಜಾಗ ಎರಡು. ‘ನಾಳೆ ಸೂರ್ಯ ಹುಟ್ಟದೇ ಹೋಗಬಹುದು, ನಂಬಬೇಡಿ’ ಎಂದು ಹ್ಯೂಮ್ ಹೇಳುತ್ತಿಲ್ಲ; ನಂಬಿಕೆಯ ಬೇರು ಯಾವುದು ಎಂದು ಹೇಳುತ್ತಿದ್ದಾನೆ. ಎರಡನೆಯದು, ‘ಅನಿವಾರ್ಯತೆ’ ಎಂಬುದನ್ನು ಅವನು ಅಳಿಸಿಲ್ಲ, ಅದರ ಜಾಗ ಬದಲಿಸಿದ್ದಾನೆ. ಒಂದು ಬಿಲಿಯರ್ಡ್ ಚೆಂಡು ಇನ್ನೊಂದಕ್ಕೆ ತಾಗುವುದನ್ನು ಮೊದಲ ಸಲ ನೋಡಿದಾಗ ಕಾಣದ್ದು ನೂರನೇ ಸಲ ನೋಡಿದಾಗಲೂ ಚೆಂಡುಗಳಲ್ಲಿ ಕಾಣುವುದಿಲ್ಲ. ಬದಲಾದದ್ದು ನೋಡುವವನ ಮನಸ್ಸು: ತಾಗುವುದು ಕಂಡ ಕೂಡಲೇ ಅದು ಚಲನೆಯ ಕಡೆಗೆ ತಾನಾಗಿ ಸರಿಯುತ್ತದೆ. ಆ ಸರಿತವೇ ಅನಿವಾರ್ಯತೆಯ ಐಡಿಯಾದ ಮೂಲ.

ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲಿದೆ. ಮನುಷ್ಯರ ವಿಷಯದಲ್ಲೂ ಅಷ್ಟೇ ನಿಯತವಾದ ಜೋಡಣೆ, ಅಷ್ಟೇ ಖಚಿತವಾದ ಊಹೆ ಇದೆ ಎಂದು ಎಂಟನೇ ವಿಭಾಗ ತೋರಿಸುತ್ತದೆ. ಲಂಡನ್ನಿನ ಚೇರಿಂಗ್ ಕ್ರಾಸ್‌ನಲ್ಲಿ ನಡುಹಗಲು ಚಿನ್ನ ತುಂಬಿದ ಚೀಲ ಬಿಟ್ಟುಹೋದವನು, ಒಂದು ಗಂಟೆಯ ಮೇಲೆ ಅದು ಹಾಗೇ ಇರುತ್ತದೆ ಎಂದು ನಂಬುವುದೂ ಅದು ಗರಿಯ ಹಾಗೆ ಹಾರಿಹೋಗುತ್ತದೆ ಎಂದು ನಂಬುವುದೂ ಒಂದೇ. ಚೆಂಡುಗಳಲ್ಲಿ ಇರುವ ಅನಿವಾರ್ಯತೆಯೂ ಇಷ್ಟೇ, ನಡತೆಯಲ್ಲಿ ಇರುವುದೂ ಇಷ್ಟೇ. ನೀತಿಗೆ ಇದರಿಂದ ಧಕ್ಕೆಯಿಲ್ಲ, ಆಸರೆಯೇ ಸಿಗುತ್ತದೆ. ಕೆಲಸವೊಂದು ಮಾಡಿದವನ ನೆಲೆಯಾದ ಸ್ವಭಾವದಿಂದ ಹೊಮ್ಮಿಲ್ಲವಾದರೆ ಅದಕ್ಕಾಗಿ ಅವನನ್ನು ದೂರುವುದಕ್ಕೆ ಅರ್ಥವೇ ಇರದು.

ಇನ್ನು ಕಾಂಟ್. ‘ಕೂಡಿಸಿದ’ ಎಂಬ ಪದ ಬಿಟ್ಟುಬಿಡಿ. ಅವನ ಪ್ರಶ್ನೆ ಬೇರೆಯೇ: ಪದಗಳ ಅರ್ಥವನ್ನು ಬಿಡಿಸಿದರೆ ಸಿಗದ, ಅನುಭವದಿಂದಲೂ ಬಾರದ, ಆದರೂ ಖಚಿತವಾದ ತೀರ್ಮಾನಗಳು ಹೇಗೆ ಸಾಧ್ಯ? 7 ಮತ್ತು 5 ಸೇರಿ 12 ಎಂಬುದು ಅಂಥದ್ದು, ‘ಪ್ರತಿ ಘಟನೆಗೂ ಕಾರಣವಿದೆ’ ಎಂಬುದು ಅಂಥದ್ದು. ಎರಡನೆಯದಕ್ಕೆ ಅವನ ವಾದ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ನ ‘ಎರಡನೇ ಅನಾಲಜಿ’ ಎಂಬ ಭಾಗದಲ್ಲಿದೆ. ಒಂದು ಮನೆಯನ್ನು ನೋಡುವಾಗ ಮೊದಲು ಚಾವಣಿ, ಆಮೇಲೆ ಅಡಿಪಾಯ ನೋಡಬಹುದು, ಹಿಂದುಮುಂದೂ ನೋಡಬಹುದು. ಹೊಳೆಯ ಇಳಿಜಾರಿನಲ್ಲಿ ಹೋಗುತ್ತಿರುವ ಹಡಗನ್ನು ಮೊದಲು ಮೇಲೆ, ಆಮೇಲೆ ಕೆಳಗೆ ಕಾಣುತ್ತೇವೆ. ಈ ಕ್ರಮ ತಿರುಗಿಸಲು ಬರುವುದಿಲ್ಲ. ಎರಡೂ ಸಲ ನಮ್ಮ ನೋಟಗಳು ಒಂದಾದ ಮೇಲೊಂದು ಬಂದವೇ. ಹಾಗಿದ್ದರೂ ಮನೆಯಲ್ಲಿ ಏನೂ ‘ಆಗಲಿಲ್ಲ’, ಹಡಗಿನಲ್ಲಿ ಏನೋ ‘ಆಯಿತು’. ಈ ವ್ಯತ್ಯಾಸ ನೋಟಗಳಲ್ಲೇ ಬರೆದಿಲ್ಲ. ಈ ಕ್ರಮ ಒಂದು ನಿಯಮಕ್ಕೆ ಬದ್ಧ ಎಂದು ಎಣಿಸಿದಾಗ ಮಾತ್ರ ಘಟನೆ ಎಂಬ ಅನುಭವವೇ ಸಾಧ್ಯ. ಹ್ಯೂಮ್ ಘಟನೆಗಳ ಸಾಲನ್ನು ಕೊಟ್ಟದ್ದೆಂದು ಇಟ್ಟುಕೊಂಡು ಕಾರಣವನ್ನು ಹುಡುಕಿದ. ಕಾರಣದ ಪರಿಕಲ್ಪನೆ ಇಲ್ಲದೆ ಘಟನೆಯೂ ಕೈಗೆ ಸಿಗುವುದಿಲ್ಲ ಎಂಬುದು ಕಾಂಟ್‌ನ ತಿರುಗೇಟು.

ಆದರೆ ಇದು ಎಷ್ಟನ್ನು ಸಾಧಿಸುತ್ತದೆ ಎಂಬುದನ್ನು ಹಿಗ್ಗಿಸಬೇಡಿ. ಬೆಂಕಿ ಹತ್ತಿಯನ್ನು ಸುಡುತ್ತದೆ ಎಂಬ ನಿರ್ದಿಷ್ಟ ನಿಯಮವನ್ನು ಅನುಭವದಿಂದಲೇ ಕಲಿಯಬೇಕು, ಕಾಂಟ್‌ಗೂ ಅದು ಗೊತ್ತು. ಪ್ರತಿ ಘಟನೆಗೆ ಯಾವುದೋ ಒಂದು ಕಾರಣ ಇದ್ದೇ ಇದೆ ಎಂಬಷ್ಟೇ ಇಲ್ಲಿ ಸಿಗುವುದು. ಅದಕ್ಕೆ ಕೊಟ್ಟ ಬೆಲೆ ದೊಡ್ಡದು: ಈ ನಿಯಮ ನಮ್ಮ ಅನುಭವಕ್ಕೆ ಬರುವ ಜಗತ್ತಿಗೆ ಮಾತ್ರ, ವಸ್ತುಗಳು ತಮ್ಮಷ್ಟಕ್ಕೆ ತಾವು ಹೇಗಿವೆ ಎಂಬುದರ ಬಗ್ಗೆ ಜ್ಞಾನವಿಲ್ಲ.

ಹೊಸಓದು

ಮೂವರಿಗೂ ಧನ್ಯವಾದ. 2 ಮತ್ತು 4ರ ಲೆಕ್ಕ ಮಾಡಿ ನೋಡಿದ ಮೇಲೆ ಮೊನಾಡ್ ಎಲ್ಲಿಂದ ಬಂತು ಎಂದು ಮೊದಲ ಸಲ ಅರ್ಥವಾಯಿತು. ನೀತಿಯಲ್ಲಿ ಎರಡು ಉಳಿದಿವೆ. ‘ಹೀಗಿದೆ’ ಎಂಬುದರಿಂದ ‘ಹೀಗೆ ಮಾಡಬೇಕು’ ಎಂಬುದು, ಅಂದರೆ ‘ಇದೆ’ಯಿಂದ ‘ಬೇಕು’, ಬರುವುದಿಲ್ಲ ಎನ್ನುತ್ತಾನಲ್ಲ, ಹಾಗಾದರೆ ಹ್ಯೂಮ್‌ಗೆ ನೀತಿ ಬರೀ ಅವರವರ ಅಭಿಪ್ರಾಯವೇ? ಕಾಂಟ್‌ನ ಸುಳ್ಳು ಮಾತುಕೊಡುವ ಉದಾಹರಣೆಯಲ್ಲಿ ‘ಎಲ್ಲರೂ ಹೀಗೆ ಮಾಡಿದರೆ ಯಾರೂ ಸಾಲ ಕೊಡರು’ ಎನ್ನುವುದು ಪರಿಣಾಮದ ಲೆಕ್ಕವೇ ಆಯಿತಲ್ಲ, ಅದನ್ನು ಬೇಡ ಎಂದವನು ಅವನೇ ಅಲ್ಲವೇ?

ಸಾಲುಮರ

ಹ್ಯೂಮ್‌ನ ಆ ಪ್ರಸಿದ್ಧ ಮಾತು ‘ಟ್ರೀಟೈಸ್’ ಮೂರನೇ ಪುಸ್ತಕದ ಮೊದಲ ವಿಭಾಗದ ಕೊನೆಯ ಕಂಡಿಕೆ. ಅದನ್ನೊಂದನ್ನೇ ಕಿತ್ತು ಓದಿದರೆ ದಾರಿ ತಪ್ಪುತ್ತದೆ. ಅದಕ್ಕೆ ಸ್ವಲ್ಪ ಮುಂಚೆ ಬರುವ ಓಕ್ ಮರದ ಉದಾಹರಣೆ ನೋಡಿ. ಮರವೊಂದರ ಬೀಜ ಬುಡದಲ್ಲೇ ಬಿದ್ದು, ಸಸಿಯಾಗಿ ಎದ್ದು, ಕೊನೆಗೆ ತಾಯಿ ಮರವನ್ನೇ ಮೀರಿ ಬೆಳೆದು ಕೊಲ್ಲುತ್ತದೆ. ಹೆತ್ತವರನ್ನು ಕೊಂದ ಮಗನ ವಿಷಯದಲ್ಲಿ ಇರುವ ಸಂಬಂಧಗಳೆಲ್ಲ ಇಲ್ಲೂ ಇವೆ. ಮರವನ್ನು ಯಾರೂ ದೂರುವುದಿಲ್ಲ. ನೀತಿ ಬರೀ ಸಂಬಂಧಗಳಲ್ಲಿದ್ದು, ಅದನ್ನು ತರ್ಕ ಗಣಿತದ ಹಾಗೆ ಕಾಣುವುದಾಗಿದ್ದರೆ ಸಸಿಯೂ ಪಾಪಿಯಾಗಬೇಕಿತ್ತು. ಹಳೆಪುಟ ಅವರು ಲಾಕ್ ಬಗ್ಗೆ ನೆನಪಿಡಿ ಎಂದದ್ದು ಇಲ್ಲಿಗೆ ಬಂದು ಕೂರುತ್ತದೆ: ‘ಆಸ್ತಿ ಇಲ್ಲದೆ ಅನ್ಯಾಯವಿಲ್ಲ’ ಎಂಬುದು ಐಡಿಯಾಗಳ ಸಂಬಂಧ, ಅದರಲ್ಲಿ ‘ಬೇಕು’ ಇಲ್ಲ.

ಅಭಿಪ್ರಾಯ ಅಷ್ಟೇ ಎಂಬ ತೀರ್ಮಾನಕ್ಕೆ ಮಾತ್ರ ಹ್ಯೂಮ್ ಹೋಗುವುದಿಲ್ಲ. ‘ಇವನು ನನ್ನ ಶತ್ರು’ ಎನ್ನುವಾಗ ಸ್ವಾರ್ಥದ ಭಾಷೆ, ‘ಇವನು ದುಷ್ಟ’ ಎನ್ನುವಾಗ ಬೇರೆ ಭಾಷೆ ಎಂದು ನೀತಿಯ ಬಗ್ಗೆ ಬರೆದ 1751ರ ಇನ್ನೊಂದು ‘ಎನ್‌ಕ್ವೈರಿ’ ಹೇಳುತ್ತದೆ. ಎರಡನೆಯದನ್ನು ಆಡುವವನು ತನ್ನ ಖಾಸಗಿ ನೆಲೆ ಬಿಟ್ಟು, ಕೇಳುವವರೆಲ್ಲ ಬಂದು ನಿಲ್ಲಬಹುದಾದ ನೆಲೆಗೆ ಸರಿದಿರುತ್ತಾನೆ. ದೂರದ ವಸ್ತು ಚಿಕ್ಕದಾಗಿ ಕಂಡರೂ ಅದರ ಗಾತ್ರವನ್ನು ಮನಸ್ಸಿನಲ್ಲಿ ತಿದ್ದಿಕೊಳ್ಳುವ ಹಾಗೆ ಇಲ್ಲೂ ತಿದ್ದುಪಡಿ ನಡೆಯುತ್ತದೆ. ನೀತಿಗೆ ಬೇರು ಹೃದಯ, ಆದರೆ ತಿದ್ದಿಕೊಂಡ ಹೃದಯ.

ಕಾಂಟ್‌ನ ಪರೀಕ್ಷೆ. 1785ರ ‘ಗ್ರೌಂಡ್‌ವರ್ಕ್’ನ ಎರಡನೇ ವಿಭಾಗದಲ್ಲಿ ನಾಲ್ಕು ಉದಾಹರಣೆಗಳಿವೆ, ಸಾಲದ್ದು ಎರಡನೆಯದು. ಮೊದಲು ಸೂತ್ರವನ್ನು ಬರೆಯಿರಿ: ‘ಹಣ ಬೇಕಾದಾಗ, ತೀರಿಸಲಾರೆ ಎಂದು ಗೊತ್ತಿದ್ದೂ, ತೀರಿಸುತ್ತೇನೆ ಎಂದು ಮಾತುಕೊಟ್ಟು ಸಾಲ ಪಡೆಯುತ್ತೇನೆ.’ ಆಮೇಲೆ ಇದು ಎಲ್ಲರಿಗೂ ನಿಯಮವಾದ ಜಗತ್ತನ್ನು ಕಲ್ಪಿಸಿ. ಅಲ್ಲಿ ತೀರಿಸುತ್ತೇನೆ ಎಂಬ ಮಾತನ್ನು ಯಾರೂ ನಂಬರು, ಅಂದರೆ ಮಾತುಕೊಡುವುದು ಎಂಬ ಕ್ರಿಯೆಯೇ ಅಲ್ಲಿಲ್ಲ. ಈಗ ಎರಡನ್ನೂ ಒಟ್ಟಿಗೆ ಹಿಡಿಯಿರಿ: ಮಾತುಕೊಟ್ಟು ಸಾಲ ಪಡೆಯುವುದನ್ನೂ ಬಯಸುತ್ತೇನೆ, ಮಾತುಕೊಡುವುದೇ ಇಲ್ಲದ ಜಗತ್ತನ್ನೂ ಬಯಸುತ್ತೇನೆ. ಇದು ನನ್ನ ಇಚ್ಛೆಯೊಳಗಿನ ಬಿರುಕು. ಆ ಜಗತ್ತು ಕೆಟ್ಟದ್ದು, ಅಲ್ಲಿ ಜನ ಕಷ್ಟಪಡುತ್ತಾರೆ ಎಂಬ ಮಾತು ವಾದದಲ್ಲಿ ಎಲ್ಲೂ ಬರುವುದಿಲ್ಲ. ಪರಿಣಾಮ ಬಂದದ್ದು ಆ ಜಗತ್ತನ್ನು ವಿವರಿಸುವುದಕ್ಕೆ, ತೂಗುವುದಕ್ಕಲ್ಲ.

ಪರೀಕ್ಷೆ ಹಾಳಾಗುವುದು ಸೂತ್ರ ಬರೆಯುವ ಹಂತದಲ್ಲೇ. ‘ಇಂಥ ದಿನ, ಇಂಥ ಹೆಸರಿನವನು ಮಾತುಕೊಟ್ಟರೆ’ ಎಂದು ಕಿರಿದು ಮಾಡಿದರೆ ಎಲ್ಲರಿಗೂ ಅನ್ವಯಿಸಿದರೂ ಏನೂ ಮುರಿಯುವುದಿಲ್ಲ, ಸುಳ್ಳು ಪಾಸಾಗಿಬಿಡುತ್ತದೆ. ಕೆಲಸ ಮಾಡುವವನು ನಿಜವಾಗಿ ಯಾವ ಕಾರಣಕ್ಕೆ ಮಾಡುತ್ತಿದ್ದಾನೋ ಅದನ್ನೇ ಬರೆಯಬೇಕು. ದಿನ, ಹೆಸರು ಅವನ ಕಾರಣದ ಭಾಗವೇ ಅಲ್ಲ. ಇನ್ನೊಂದು: ನಾಲ್ಕು ಉದಾಹರಣೆಗಳಲ್ಲೂ ಒಂದೇ ಬಗೆಯ ಬಿರುಕು ಹುಡುಕಬೇಡಿ. ಸಾಲದ್ದರಲ್ಲಿ ಆ ಜಗತ್ತನ್ನು ಸುಸಂಗತವಾಗಿ ಯೋಚಿಸಲಾಗದು. ಕಷ್ಟದಲ್ಲಿರುವವರಿಗೆ ನೆರವಾಗದ ಜಗತ್ತನ್ನು ಯೋಚಿಸಬಹುದು, ಆದರೆ ಅದನ್ನು ಇಚ್ಛಿಸಲಾಗದು, ಏಕೆಂದರೆ ಇಚ್ಛಿಸುವವನಿಗೂ ಒಂದು ದಿನ ನೆರವು ಬೇಕಾಗುತ್ತದೆ. ಆತ್ಮಹತ್ಯೆಯ ಉದಾಹರಣೆಯಲ್ಲಿ ಕಾಂಟ್ ಸ್ವಪ್ರೇಮದ ಸಹಜ ಉದ್ದೇಶವನ್ನು ಎಳೆದು ತರುತ್ತಾನೆ. ಅಲ್ಲಿ ವಾದ ಬಡವಾಗಿದೆ, ಅದರ ಮೇಲೆ ಪರೀಕ್ಷೆಯನ್ನು ಅಳೆಯುವುದು ಅನ್ಯಾಯ.

ತಿಳಿಗೊಳ

ಸಾಲುಮರ ಅವರ ಮಾತಿಗೆ ಒಂದು ಸೇರ್ಪಡೆ. ಅದೇ ಉದಾಹರಣೆಯನ್ನು ಕಾಂಟ್ ಕೆಲವು ಪುಟಗಳ ಮುಂದೆ ಇನ್ನೊಂದು ಸೂತ್ರದಿಂದ ನೋಡುತ್ತಾನೆ: ಮನುಷ್ಯನನ್ನು ಬರೀ ಸಾಧನವಾಗಿ ಬಳಸಬೇಡ. ಸಾಲ ಕೊಟ್ಟವನಿಗೆ ನನ್ನ ಉದ್ದೇಶ ಗೊತ್ತಿದ್ದರೆ ಒಪ್ಪಲು ಸಾಧ್ಯವೇ ಇರಲಿಲ್ಲ. ಸುಳ್ಳು ಮಾತಿನಲ್ಲಿರುವ ತಪ್ಪು ಇಲ್ಲಿ ಮುಖಕ್ಕೆ ಮುಖ ಕಾಣುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ಹಳೆಪುಟ

ಪಟ್ಟಿಯ ಬಗ್ಗೆ ಇನ್ನೊಂದು ಮಾತು, ನೀತಿಯ ಚರ್ಚೆ ಬಂದದ್ದರಿಂದ. ಒಳ್ಳೆಯದು ಎಂದು ಬಯಸುವುದಲ್ಲ, ಬಯಸುವುದರಿಂದಲೇ ಅದನ್ನು ಒಳ್ಳೆಯದು ಎನ್ನುತ್ತೇವೆ ಎಂದು ಸ್ಪಿನೋಜಾನ ಎಥಿಕ್ಸ್ ಮೂರನೇ ಭಾಗದ 9ನೇ ಪ್ರತಿಜ್ಞೆಯ ಟಿಪ್ಪಣಿ ಹೇಳುತ್ತದೆ. ಹೆಸರು ಮುಚ್ಚಿ ಓದಿಸಿದರೆ ಇದನ್ನು ಹ್ಯೂಮ್‌ನ ಪಕ್ಕ ಇಡುವಿರಿ. ‘ನೀತಿ ಗಣಿತದ ಹಾಗೆ’ ಎಂದದ್ದು ಲಾಕ್. ಜ್ಞಾನದ ಮೂಲದ ಬಗ್ಗೆ ಎಳೆದ ಗೆರೆ ನೀತಿಯ ಹೊಲದಲ್ಲಿ ಅಡ್ಡಡ್ಡ ಹಾಯುತ್ತದೆ.

ಓದುವ ಕ್ರಮ ಕೇಳಿದ್ದಿರಿ. ಡೆಕಾರ್ಟ್‌ನ ಎರಡು ಮತ್ತು ಆರನೇ ಧ್ಯಾನ, ಕೂಡಲೇ ಎಲಿಸಬೆತ್ ಪತ್ರಗಳು. ದೇವರಿದ್ದಾನೆ ಎಂದು ಸಾಧಿಸುವ ಮೂರನೆಯದು ಆಮೇಲೆ. ಅದರ ಜೊತೆಗೆ ಡೆಕಾರ್ಟ್‌ನ ಸಮಕಾಲೀನ ಚಿಂತಕ ಆರ್ನೋ ಎತ್ತಿದ ಆಕ್ಷೇಪ. ಸ್ಪಷ್ಟವಾಗಿ ಕಂಡದ್ದು ನಿಜ ಎನ್ನಲು ದೇವರು ಬೇಕು, ದೇವರಿದ್ದಾನೆ ಎನ್ನಲು ಸ್ಪಷ್ಟವಾಗಿ ಕಂಡದ್ದು ನಿಜವಾಗಿರಬೇಕು, ಇದು ಸುತ್ತು ಹೊಡೆಯುವುದಲ್ಲವೇ ಎಂಬುದು ಅದು. ಸ್ಪಿನೋಜಾನನ್ನು ಮೊದಲ ವ್ಯಾಖ್ಯೆಯಿಂದ ಹಿಡಿದರೆ ಹತ್ತನೇ ಪ್ರತಿಜ್ಞೆಯ ಹೊತ್ತಿಗೆ ಪುಸ್ತಕ ಮುಚ್ಚುತ್ತೀರಿ. ಮೊದಲ ಭಾಗದ ಅನುಬಂಧ ಮತ್ತು ನಾಲ್ಕನೇ ಭಾಗದ ಮುನ್ನುಡಿ ಮೊದಲು ಓದಿ, ಅವು ಗದ್ಯ. ಲಾಕ್‌ನಲ್ಲಿ ಎರಡನೇ ಪುಸ್ತಕದ 8 ಮತ್ತು 23ನೇ ಅಧ್ಯಾಯ, ನಾಲ್ಕನೇ ಪುಸ್ತಕದ ಮೊದಲ ಮೂರು. ಬರ್ಕ್ಲಿಯ ‘ಪ್ರಿನ್ಸಿಪಲ್ಸ್’ನಲ್ಲಿ 1ರಿಂದ 33ರವರೆಗಿನ ಕಂಡಿಕೆ ಸಾಕು. ಕಾಂಟ್‌ನ ದೊಡ್ಡ ‘ಕ್ರಿಟಿಕ್’ಗೆ ಕೈ ಹಾಕುವ ಮೊದಲು 1783ರ ‘ಪ್ರೊಲೆಗೊಮೆನಾ’.

ಟಿಪ್ಪಣಿ ಬರೆಯುವಾಗ ಪುಟಸಂಖ್ಯೆ ಹಾಕಬೇಡಿ, ಅನುವಾದ ಬದಲಾದರೆ ಅದು ಕೆಲಸಕ್ಕೆ ಬಾರದು. ಪುಸ್ತಕ, ಅಧ್ಯಾಯ, ಕಂಡಿಕೆ ಹಾಕಿ. ‘ಕ್ರಿಟಿಕ್’ನಲ್ಲಿ 1781ರ ಮೊದಲ ಆವೃತ್ತಿಗೆ ಎ, 1787ರ ಎರಡನೆಯದಕ್ಕೆ ಬಿ ಎಂಬ ಗುರುತು ಅಂಚಿನಲ್ಲೇ ಇರುತ್ತದೆ, ಮನೆ ಮತ್ತು ಹಡಗು ಇರುವ ಭಾಗ ಎ 189, ಬಿ 232ರಿಂದ ಶುರು.

‘ಟ್ರೀಟೈಸ್’ ಕೈಗೆತ್ತಿಕೊಂಡರೆ 1740ರಲ್ಲಿ ಮೂರನೇ ಪುಸ್ತಕದ ಜೊತೆ ಬಂದ ಅನುಬಂಧವನ್ನು ಬಿಡಬೇಡಿ. ‘ನಾನು’ ಎಂಬುದು ಗ್ರಹಿಕೆಗಳ ಕಂತೆ ಎಂದು ಮೊದಲ ಪುಸ್ತಕದಲ್ಲಿ ಹೇಳಿದವನು, ಆ ಕಂತೆಯನ್ನು ಕಟ್ಟುವ ಹುರಿ ಯಾವುದು ಎಂದು ತನಗೇ ಸಮಾಧಾನವಾಗುವಂತೆ ಹೇಳಲಾಗುತ್ತಿಲ್ಲ ಎಂದು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಮೊದಲ ಪುಸ್ತಕದ ಆ ವಿಭಾಗವನ್ನು ಮುಗಿಸಿದ ಕೂಡಲೇ ಪುಟ ತಿರುವಿ ಅದನ್ನು ಓದಿ, ನಡುವೆ ಬೇರೆ ಏನನ್ನೂ ಓದಬೇಡಿ.